ಸೊಟ್ಟನ ಬಲಗೈ

ಒಂಬತ್ತನೇ ವಯಸ್ಸಿನಲ್ಲಿ ಅವನು ಗೋದಾಮಿನ ಕಾಂಪೌಂಡ್ ಗೋಡೆಯ ಮೇಲಿಂದ ಬಿದ್ದ. ಅಪ್ಪ ಅದೇ ಗೋದಾಮಿನ ಕಾವಲುಗಾರ. ಪಾಳಿ ಬದಲಾಗುವ ತನಕ ಗೇಟು ಬಿಟ್ಟು ಕದಲುವಂತಿರಲಿಲ್ಲ. ಮಗನ ಮೊಣಕೈಗೆ ತನ್ನ ಟವೆಲ್ ಬಿಗಿದು, ಮೂಟೆಗಳ ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, "ಅಳಬೇಡ, ಸಾಹುಕಾರ್ರು ಒಳಗಿದಾರೆ" ಅಂದ. ಸಂಜೆ ಆಸ್ಪತ್ರೆ ಸೇರುವ ಹೊತ್ತಿಗೆ ಕೈ ಊದಿ ಮೊಣಕೈ ಯಾವುದು, ಮುಂಗೈ ಯಾವುದು ಎಂದು ತಿಳಿಯದಂತಾಗಿತ್ತು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಆ ಕೈಯನ್ನು ಹಿಡಿದು ಮೆಲ್ಲಗೆ ಚಾಚಿಸಿ ನೋಡಿದರು. ಅದು ಮುಕ್ಕಾಲು ದಾರಿ ಬಂದು ನಿಂತುಬಿಟ್ಟಿತು. "ಇನ್ನು ಇಷ್ಟೇ. ಊಟ ಮಾಡೋಕೆ, ಬರೆಯೋಕೆ ಏನೂ ತೊಂದರೆ ಇಲ್ಲ" ಅಂದರು.

ಅಲ್ಲಿಂದ ಬೀದಿಯಲ್ಲಿ ಅವನ ಹೆಸರು ಸೊಟ್ಟ ಎಂದಾಯಿತು. ಮೊದಮೊದಲು ಹಾಗೆ ಕರೆದವರ ಮೇಲೆ ಅಮ್ಮ ಪೊರಕೆ ಹಿಡಿದು ಹೋಗುತ್ತಿದ್ದಳು. ಬರಬರುತ್ತಾ, ಅವನು ತಿಂದ ತಟ್ಟೆ ತೊಳೆಯದೆ ಓಡಿಹೋದ ದಿನಗಳಲ್ಲಿ, ಅವಳೂ ಹಾಗೆಯೇ ಕೂಗತೊಡಗಿದಳು.

ಅವನ ಕೈಯಲ್ಲಿ ಏನಿದೆ ಎಂದು ಮೊದಲು ಕಂಡುಕೊಂಡವರು ಶಾಲೆಯ ಡ್ರಿಲ್ ಮೇಷ್ಟ್ರು. ಸಿಳ್ಳೆಯನ್ನು ಕೊರಳಿಗೆ ಹಾಕಿಕೊಂಡೇ ಹುಟ್ಟಿದವರಂಥ ಮನುಷ್ಯ. ಹುಡುಗರು ಆಡುತ್ತಿದ್ದ ಬಯಲಿಗೆ ಬೈಯಲೆಂದು ಬಂದವರು ಹಾಗೇ ನಿಂತುಬಿಟ್ಟರು. ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ ದಿಕ್ಕೆಟ್ಟು ಓಡಿಬರುತ್ತಿದ್ದ ಹುಡುಗ, ಕೊನೆಯ ಹೆಜ್ಜೆಯಲ್ಲಿ ಮಾತ್ರ ಎಲ್ಲವನ್ನೂ ಹೇಗೋ ಕೂಡಿಸಿಕೊಂಡು ಬಿಡುತ್ತಿದ್ದ ಚೆಂಡು, ಬ್ಯಾಟು ಹಿಡಿದವನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದಿನ ಗೋಡೆಗೆ ಬಡಿಯುತ್ತಿತ್ತು. ಮೇಷ್ಟ್ರು ಹತ್ತಿರ ಕರೆದು ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ, ಎತ್ತಿ, ಇಳಿಸಿ ಪರೀಕ್ಷೆ ಮಾಡಿದರು. ಕ್ರಿಕೆಟ್ಟಿನಲ್ಲಿ ಬೌಲರ್ ಚೆಂಡು ಬಿಡುವಾಗ ಮಡಿಸಿದ ಮೊಣಕೈಯನ್ನು ಝಾಡಿಸಿ ನೇರ ಮಾಡಬಾರದು. ಮಾಡಿದರೆ ಅದು ಬೌಲಿಂಗ್ ಅಲ್ಲ, ಕಲ್ಲು ಬೀಸಿದ ಹಾಗೆ. ಆದರೆ ಇವನ ಕೈ ಬಗ್ಗಿಕೊಂಡೇ ಬರುತ್ತಿತ್ತು, ಬಗ್ಗಿಕೊಂಡೇ ಹೋಗುತ್ತಿತ್ತು.

"ನಿನ್ನ ಕೈ ಬಗ್ಗಿದೆ ಅಷ್ಟೇ, ಬಗ್ಗೋದಿಲ್ಲ," ಅಂದರು ಮೇಷ್ಟ್ರು. "ಎರಡಕ್ಕೂ ವ್ಯತ್ಯಾಸ ಇದೆ. ಯಾರಾದ್ರೂ ತಕರಾರು ತೆಗೆದ್ರೆ ನನ್ನ ಹತ್ರ ಕಳಿಸು."

ಮುಂದಿನ ಐದಾರು ವರ್ಷ ಅವನು ತನ್ನ ಮನೆಯಲ್ಲಿದ್ದದ್ದಕ್ಕಿಂತ ಮೇಷ್ಟ್ರ ಮನೆಯಲ್ಲಿದ್ದದ್ದೇ ಹೆಚ್ಚು. ಪಂದ್ಯದ ಹಿಂದಿನ ದಿನ ಅವರ ಮುಂದಿನ ಕೋಣೆಯ ಬೆಂಚಿನ ಮೇಲೆ ಮಲಗುತ್ತಿದ್ದ. ಮೇಷ್ಟ್ರ ಹೆಂಡತಿ ಎರಡನೇ ಸಲ ಬಡಿಸುವಾಗ ಕೇಳುತ್ತಿರಲಿಲ್ಲ, ಸುಮ್ಮನೆ ಸುರಿಯುತ್ತಿದ್ದರು. ಆಗ ತಾನೇ ನಡೆಯಲು ಕಲಿತಿದ್ದ ಅವರ ಮಗಳು ಅವನ ಬೂಟಿನೊಳಗೆ ಚಮಚ, ಬಾಚಣಿಗೆ, ಸೋಪು ಏನು ಸಿಕ್ಕರೂ ತುಂಬಿಸಿಡುತ್ತಿದ್ದಳು.

ಹತ್ತೊಂಬತ್ತಕ್ಕೆ ನಗರದ ದೊಡ್ಡ ಕ್ಲಬ್ಬೊಂದು ಅವನನ್ನು ಸಂಬಳದ ಮೇಲೆ ಇಟ್ಟುಕೊಂಡಿತು. ಅಮ್ಮನಿಗೆ ಇದು ಅರ್ಥವೇ ಆಗಲಿಲ್ಲ.

"ಚೆಂಡು ಹಾಕೋದಕ್ಕೆ ಸಂಬಳ ಕೊಡ್ತಾರಾ?"

"ಹೂಂ."

"ಮತ್ತೆ ಅದನ್ನ ಹೊಡೆಯೋನಿಗೆ?"

"ಅವನಿಗೂ ಕೊಡ್ತಾರಮ್ಮ."

"ಯಾರಪ್ಪಾ ಆ ಪುಣ್ಯಾತ್ಮರು," ಅಂದಳು ಅಮ್ಮ, ಮತ್ತೆ ಪಾತ್ರೆ ತಿಕ್ಕತೊಡಗಿದಳು.

ಎರಡು ವರ್ಷಕ್ಕೆ ಪ್ರಾಂತ್ಯದ ತಂಡಕ್ಕೂ ಆಯ್ಕೆಯಾದ. ಹೊರಗಿನಿಂದ ನೋಡುವವರಿಗೆ ವೇಗದ ಬೌಲರ್ ಎಂದರೆ ಹಾರುವ ಸ್ಟಂಪು. ಒಳಗಿನಿಂದ ನೋಡಿದರೆ ಅದು ಎಡಗಾಲಿನ ಹೆಬ್ಬೆರಳು. ಚೆಂಡು ಬಿಡುವ ಮುನ್ನ ಇಡೀ ಮೈಯ ಭಾರ ಆ ಒಂದು ಕಾಲಿನ ಮೇಲೆ ಧೊಪ್ಪನೆ ಬೀಳುತ್ತದೆ, ದಿನವಿಡೀ ಬೀಳುತ್ತಲೇ ಇರುತ್ತದೆ. ಉಗುರು ಕಪ್ಪಾಗಿ ಉದುರಿ, ಹೊಸತು ಬರುವ ಮೊದಲೇ ಅದೂ ಕಪ್ಪಾಗುತ್ತಿತ್ತು. ಬೂಟಿನ ಮೂತಿಯನ್ನು ಬ್ಲೇಡಿನಿಂದ ಕೊಯ್ದು ಬೆರಳಿಗೆ ಜಾಗ ಮಾಡಿಕೊಳ್ಳುತ್ತಿದ್ದ. ಆಟ ಮುಗಿದ ಮೇಲೆ ಬ್ಯಾಟ್ಸ್‌ಮನ್‌ಗಳು ತಲೆ ಬಾಚಿಕೊಂಡು, ಸೆಂಟು ಹಾಕಿಕೊಂಡು ಹೊರಟರೆ ಇವನು ಹೋಟೆಲ್ ರೂಮಿನಲ್ಲಿ ಕಾಲನ್ನು ಐಸಿನ ಬಕೆಟ್ಟಿನಲ್ಲಿಟ್ಟುಕೊಂಡು ಗೋಡೆ ನೋಡುತ್ತಾ ಕೂರುತ್ತಿದ್ದ. ಬೆಳಗ್ಗೆ ಮಂಚದಿಂದ ಇಳಿಯುವಾಗ ಸೊಂಟ ಹಿಡಿದ ಮುದುಕನ ಹಾಗೆ ಗೋಡೆ ಹಿಡಿಯುತ್ತಿದ್ದ.

ಆದರೂ ಪ್ರಾಂತ್ಯಕ್ಕೆ ಆಡಿದ ಆ ನಾಲ್ಕು ವರ್ಷ ಅವನ ಪಾಲಿಗೆ ಬಂಗಾರ. ಎಲ್ಲವೂ ಕೂಡಿಬಂದ ದಿನಗಳಲ್ಲಿ ಚೆಂಡು ಕೈಬಿಟ್ಟದ್ದೇ ಅವನಿಗೆ ತಿಳಿಯುತ್ತಿರಲಿಲ್ಲ. ಎದುರಿನವನ ಕಣ್ಣಿನಲ್ಲಿ ಏನೋ ಒಂದು ಬದಲಾಗುವುದಷ್ಟೇ ಕಾಣುತ್ತಿತ್ತು. ಕಾವಲುಗಾರನ ಮಗ ಬರುತ್ತಾನೆಂದು ಹೆಲ್ಮೆಟ್ಟಿನ ಪಟ್ಟಿ ಬಿಗಿಮಾಡಿಕೊಳ್ಳುವ ದೊಡ್ಡ ಮನೆತನದ ಹುಡುಗರು. ಅದರ ರುಚಿ ಅವನಿಗೆ ಚೆನ್ನಾಗಿಯೇ ಹತ್ತಿತ್ತು.

ಮದುವೆಯೂ ಆಗಲೇ ಆಯಿತು. ಹುಡುಗಿ ಬಸ್ ನಿಲ್ದಾಣದಲ್ಲಿ ಪಾಸು ಕೊಡುವ ಕೌಂಟರಿನಲ್ಲಿದ್ದಳು. ಅವಳಪ್ಪ ಅದೇ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್.

"ಈ ವೇಗದ ಬೌಲರ್ ಅನ್ನೋದು ಎಷ್ಟು ವರ್ಷದ ಕೆಲಸ?" ಎಂದು ಮಾವ ಆಗಲಿದ್ದವರು ಕೇಳಿದರು.

"ಕಾಲು ಇರೋ ತನಕ," ಅಂದ ಇವನು.

"ನಮ್ಮ ಡಿಪೋದಲ್ಲಿ ಬಸ್ಸಿಗೆ ಇದಕ್ಕಿಂತ ಜಾಸ್ತಿ ಗ್ಯಾರಂಟಿ ಕೊಡ್ತಾರೆ."

"ಹಾಗಂತ ನಾನು ಬಸ್ಸನ್ನ ಮದುವೆ ಆಗೋಕಾಗುತ್ತಾ ಅಪ್ಪಾ," ಅಂದಳು ಒಳಗಿನಿಂದ ಹುಡುಗಿ. ಮಾತು ಅಲ್ಲಿಗೆ ಮುಗಿಯಿತು.

ಈ ನಡುವೆ ಡ್ರಿಲ್ ಮೇಷ್ಟ್ರು ಪರೀಕ್ಷೆ ಬರೆದು ಅಂಪೈರ್ ಆಗಿದ್ದರು. ಸೀಸನ್ನಿನಲ್ಲಿ ಶಾಲೆಗೆ ರಜೆ ಹಾಕಿ ಬಿಳಿ ಕೋಟು ತೊಡುತ್ತಿದ್ದರು. ಅವನ ಪಂದ್ಯಗಳಿಗೆ ಅವರೇ ನಿಂತ ದಿನಗಳಲ್ಲಿ ಗುರುಶಿಷ್ಯರು ಮೈದಾನದಲ್ಲಿ ಮಾತಾಡುತ್ತಿರಲಿಲ್ಲ. ಹಾಗೆಂದು ಅವರೇ ಹೇಳಿದ್ದರು. ಆಟ ಮುಗಿದು ವಾರವಾದ ಮೇಲೆ ಮನೆಗೆ ಕರೆದು, "ಆ ಎರಡನೇ ಸ್ಪೆಲ್ಲಿನಲ್ಲಿ ಚೆಂಡು ಬಿಡೋವಾಗ ತಲೆ ಬೀಳಿಸ್ತಿದ್ದೆ" ಎಂದು ಬೈಯುವರು. ಕೈಯ ಬಗ್ಗೆ ಒಂದು ದಿನವೂ ಸೊಲ್ಲೆತ್ತಿದವರಲ್ಲ.

ಆದರೆ ಬೇರೆಯವರು ಎತ್ತತೊಡಗಿದ್ದರು. ಪರಸ್ಥಳದ ತಂಡವೊಂದು ಅವನಿಂದ ಎರಡು ಸಲ ಧೂಳೀಪಟವಾಗಿ ಹೋದ ಮೇಲೆ ಅದರ ಮ್ಯಾನೇಜರ್ ಕ್ರಿಕೆಟ್ ಮಂಡಳಿಗೆ ದೂರು ಕೊಟ್ಟ. ಪತ್ರಿಕೆಯೊಂದು ಅವನ ಕೈ ಬಗ್ಗಿರುವ ಫೋಟೋ ಹಾಕಿ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇಟ್ಟಿತು. ಬಗ್ಗಿದ ಕೈ ಫೋಟೋದಲ್ಲಿ ನೇರ ಬರುವುದೆಂತು? ಅವನು ನಕ್ಕು ಸುಮ್ಮನಾದ. ತಕರಾರು ತೆಗೆದವರನ್ನು ಕಳಿಸುವುದಕ್ಕೆ ಮೇಷ್ಟ್ರಿದ್ದರಲ್ಲ.

ಅದು ಸೆಮಿಫೈನಲ್. ಬೆಳಗ್ಗೆ ಪೆವಿಲಿಯನ್ನಿನ ಕಾರಿಡಾರಿನಲ್ಲಿ ಮೇಷ್ಟ್ರು ಎದುರಾದರು. ಮಾತಿಲ್ಲದಿದ್ದರೂ ಒಂದು ಹುಬ್ಬು ಎತ್ತುವುದು ಅವರ ಪದ್ಧತಿ. ಅಂದು ಟೋಪಿ ಸರಿಮಾಡಿಕೊಂಡು ಪಕ್ಕದಿಂದ ಹೋಗಿಬಿಟ್ಟರು. ಅವನು ಬೌಲಿಂಗಿಗೆ ಬಂದ ತುದಿಗೆ ಮೇಷ್ಟ್ರು ಸ್ಕ್ವೇರ್ ಲೆಗ್ಗಿನಲ್ಲಿ, ಅಂದರೆ ಬ್ಯಾಟ್ಸ್‌ಮನ್‌ನ ಮಗ್ಗುಲಿಗೆ ದೂರದಲ್ಲಿ ನಿಂತಿದ್ದರು. ಕೈ ನೋಡಬೇಕಾದವರು ಅಲ್ಲಿ ನಿಲ್ಲುವ ಅಂಪೈರೇ.

ಮೂರನೇ ಓವರಿನಲ್ಲಿ ಆ ಕಡೆಯಿಂದ "ನೋ ಬಾಲ್" ಎಂಬ ಕೂಗು ಬಂತು.

ಅವನು ತನ್ನ ಕಾಲು ನೋಡಿಕೊಂಡ. ಹೆಜ್ಜೆ ಗೆರೆಯಿಂದ ಒಂದು ಗೇಣು ಹಿಂದಿತ್ತು. ಈ ತುದಿಯ ಅಂಪೈರೂ ಅದನ್ನೇ ನೋಡಿ ತಲೆ ಕೆರೆದುಕೊಂಡರು. ಮತ್ತೆ ಓಡಿಬಂದ. ಮತ್ತೆ ಅದೇ ಕೂಗು. ಶಾಲೆಯ ಬಯಲಿನಲ್ಲಿ ಅವನ ಹೆಸರು ಹಿಡಿದು ಕರೆಯುತ್ತಿದ್ದ ಅದೇ ಗಂಟಲು. ಕ್ಯಾಪ್ಟನ್ ಸ್ಲಿಪ್ಪಿನಿಂದ ಮೇಷ್ಟ್ರ ಹತ್ತಿರ ನಡೆದುಹೋದ.

"ಕಾಲು ಸರಿಯಾಗೇ ಇದೆಯಲ್ಲ?"

"ಕಾಲಲ್ಲ. ಕೈ," ಅಂದರು ಮೇಷ್ಟ್ರು. ಹೇಳುವಾಗ ಕ್ಯಾಪ್ಟನ್ನನ ಮುಖ ನೋಡಿದರೇ ಹೊರತು ಇವನ ಕಡೆ ತಿರುಗಲಿಲ್ಲ.

ಆ ಓವರ್ ಮುಗಿಯುವಷ್ಟರಲ್ಲಿ ಇನ್ನೂ ಎರಡು ಸಲ ಕೂಗು ಬಿತ್ತು. ಮೈದಾನವೆಲ್ಲ ಮೊದಲು ತೆಪ್ಪಗಾಯಿತು. ಆಮೇಲೆ ಗ್ಯಾಲರಿಯಿಂದ ಯಾರೋ "ಸೊಟ್ಟಾ" ಎಂದು ಎಳೆದು ಕೂಗಿದರು. ಅವನ ಬೀದಿಯವರೇ ಇರಬೇಕು. ಸ್ವಲ್ಪ ಹೊತ್ತಿಗೆ ಆ ಹೆಸರನ್ನು ಎಂದೂ ಕೇಳದಿದ್ದವರೂ ಅದನ್ನೇ ಹಿಡಿದುಕೊಂಡು ತಾಳ ಹಾಕತೊಡಗಿದರು.

ಕ್ಯಾಪ್ಟನ್ ಚೆಂಡನ್ನು ಆಚೆ ತುದಿಯಿಂದ ಕೊಟ್ಟು ನೋಡಿದ. ಅಲ್ಲಿಂದ ಹಾಕಿದರೆ ಕೈ ನೋಡುವ ಪಾಳಿ ಇನ್ನೊಬ್ಬ ಅಂಪೈರಿನದು. ಎರಡು ಓವರ್ ಹಾಕಿದ. ಆ ಮನುಷ್ಯ ತುಟಿ ಬಿಚ್ಚಲಿಲ್ಲ. ಒಂದು ತುದಿಯಲ್ಲಿ ಕೊಳಕಾಗಿದ್ದ ಕೈ ಇನ್ನೊಂದು ತುದಿಯಲ್ಲಿ ಚೊಕ್ಕಟವಾಗಿತ್ತು. ಆದರೆ ಅಷ್ಟರಲ್ಲಿ ಅವನ ತಲೆಯೊಳಗೆ ಹುಳ ಹೊಕ್ಕಿತ್ತು. ಓಡಿಬರುವಾಗ ಮೊಟ್ಟಮೊದಲ ಬಾರಿಗೆ ತನ್ನ ಮೊಣಕೈಯ ಯೋಚನೆ ಬಂತು, ಚೆಂಡು ಸತ್ತಂತೆ ಹೋಯಿತು. "ಸಾಕು, ರೆಸ್ಟ್ ತಗೋ," ಅಂದ ಕ್ಯಾಪ್ಟನ್. ಅದೇ ಕೊನೆ, ಪ್ರಾಂತ್ಯದ ಅಂಗಿ ತೊಟ್ಟು ಅವನು ಮತ್ತೆ ಬೌಲ್ ಮಾಡಲಿಲ್ಲ.

ಆ ಸಂಜೆ ನೆಟ್ಟಗೆ ಮೇಷ್ಟ್ರ ಮನೆಗೆ ಹೋದ. ಮೇಷ್ಟ್ರ ಹೆಂಡತಿ ಬಾಗಿಲನ್ನು ಅರ್ಧ ಮಾತ್ರ ತೆಗೆದರು. "ಅವರಿನ್ನೂ ಬಂದಿಲ್ಲಪ್ಪಾ." ಅವರ ಕಾಲ ಬಳಿಯೇ ಮೇಷ್ಟ್ರ ಚಪ್ಪಲಿ ಇತ್ತು, ಪಕ್ಕದಲ್ಲಿ ಮೈದಾನದ ಹುಲ್ಲು ಅಂಟಿದ ಬಿಳಿ ಬೂಟು. ಅವನು ಅದನ್ನು ನೋಡಿದ್ದನ್ನು ಅವರೂ ನೋಡಿದರು. "ಊಟ ಮಾಡಿಕೊಂಡು ಹೋಗ್ತೀಯಾ?" ಅಂದರು, ಬಾಗಿಲು ಮಾತ್ರ ಇನ್ನಷ್ಟು ತೆಗೆಯದೆ. ಅವನು ಮೆಟ್ಟಿಲಿಳಿದ.

"ಪೇಪರಿನವರು ಇಷ್ಟು ವರ್ಷ ನೀವು ಹಾಕಿದ ಒಂದೊಂದು ಬಾಲನ್ನೂ ಎಸೆತ ಎಸೆತ ಅಂತಲೇ ಬರೀತಿದ್ರಲ್ಲ," ಅಂದಳು ಹೆಂಡತಿ, ಮರುದಿನದ ಪತ್ರಿಕೆ ಮಡಿಸುತ್ತಾ. "ಈಗ ಎಸೆದ ಅಂತ ಯಾಕ್ರೀ ಇಷ್ಟು ಬೊಬ್ಬೆ?" ಅವನನ್ನು ನಗಿಸಲೆಂದೇ ಹೇಳಿದ್ದಳು. ಅವನು ನಗದಿದ್ದಾಗ ಅವಳಿಗೆ ಹೆದರಿಕೆಯಾಯಿತು.

ಮಂಡಳಿ ಅವನನ್ನು 'ತಿದ್ದುಪಡಿ' ಶಿಬಿರಕ್ಕೆ ಕಳಿಸಿತು. ಅಲ್ಲಿನ ಕೋಚು ಮೊಣಕೈಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿಸಿ, "ನೇರ ಮಾಡು, ನೇರ ಮಾಡು" ಎಂದು ದಿನವಿಡೀ ಹೇಳಿದ. ಮೂಳೆ ಕೂಡಿಕೊಂಡ ಕೈಗೆ ನೇರವಾಗು ಎಂದರೆ ಅದು ಕೇಳೀತೇ? ಕೊನೆಗೆ ಎದೆ ತಿರುಗಿಸಿ, ಕೈಯನ್ನು ಪಕ್ಕದಿಂದ ಬೀಸಿ, ಬೇರೆ ಯಾರದೋ ಮೈಯನ್ನು ಬಾಡಿಗೆಗೆ ತಂದವನ ಹಾಗೆ ಬೌಲ್ ಮಾಡಲು ಕಲಿತ. ಕೈಯ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಹೊರಿಸುವಷ್ಟು ವೇಗವೇ ಅದರಲ್ಲಿ ಉಳಿದಿರಲಿಲ್ಲ. ದೊಡ್ಡ ಕ್ಲಬ್ಬು ಕೈಬಿಟ್ಟಿತು, ಸಣ್ಣದೊಂದು ತೆಗೆದುಕೊಂಡಿತು, ಅದು ಬಿಟ್ಟ ಮೇಲೆ ಅದಕ್ಕಿಂತ ಸಣ್ಣದು. ಎಲ್ಲಿ ಹೋದರೂ ಅವನು ಓಡಲು ಶುರುಮಾಡಿದೊಡನೆ ಬೇಲಿಯಾಚೆ ನಿಂತ ಯಾರಾದರೊಬ್ಬ "ನೋ ಬಾಲ್" ಎಂದು ಕೂಗಿ ಸ್ನೇಹಿತರ ಬೆನ್ನು ತಟ್ಟುತ್ತಿದ್ದ. ಎದುರು ತಂಡದವರು ಮೈದಾನಕ್ಕಿಳಿಯುವಾಗ ಇವನನ್ನು ನೋಡಿ ತಮ್ಮ ಕೈ ಸೊಟ್ಟ ಮಾಡಿ ಸಲಾಂ ಹೊಡೆಯುತ್ತಿದ್ದರು. ಒಂದು ದಿನ ಹಾಗೆ ಮಾಡಿದವನ ಪಕ್ಕೆಲುಬಿಗೆ ಗುರಿಯಿಟ್ಟು ಹಾಕಿದ. ಚೆಂಡು ತಾಕಿತು; ಆ ಹುಡುಗ ಉಜ್ಜಿಕೊಂಡು ನಕ್ಕ. ಅಂದೇ ಬೂಟು ಬಿಚ್ಚಿದವನು ಮತ್ತೆ ಹಾಕಲಿಲ್ಲ. ಆಗ ಅವನಿಗೆ ಮೂವತ್ತು ದಾಟಿರಲಿಲ್ಲ.

ಮೇಷ್ಟ್ರು ಮಾತ್ರ ಮೇಲೇರುತ್ತಲೇ ಹೋದರು. ಶಿಷ್ಯನನ್ನೂ ಬಿಡದ ನಿಷ್ಠುರ ಮನುಷ್ಯ ಎಂದು ಹೆಸರು ಬಂತು. ದೊಡ್ಡ ದೊಡ್ಡ ಪಂದ್ಯಗಳಿಗೆ ಕರೆ ಬಂತು. ಟಿವಿಯಲ್ಲಿ ಅವರ ಬಿಳಿ ಟೋಪಿ ಕಂಡರೆ ಇವನ ಹೆಂಡತಿ ಎದ್ದುಹೋಗಿ ಚಾನೆಲ್ ಬದಲಿಸುತ್ತಿದ್ದಳು.

ಅವನು ಡ್ರೈವಿಂಗ್ ಸ್ಕೂಲೊಂದರಲ್ಲಿ ಕಲಿಸುವ ಕೆಲಸಕ್ಕೆ ಸೇರಿದ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯ ಇನ್ನೊಂದು ಬ್ರೇಕು ಕಾಯುವುದು. ಕ್ಲಚ್ಚು ಬಿಡುವಾಗ ಗಾಡಿಯನ್ನು ಕಪ್ಪೆಯಂತೆ ಕುಣಿಸುವವರು, ಗೇರು ಬದಲಿಸುವಾಗ ಗೇರನ್ನೇ ನೋಡುವವರು, ಲಾರಿ ಎದುರು ಬಂದರೆ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚುವವರು. ಎಲ್ಲರಿಗೂ ಒಂದೇ ಸ್ವರದಲ್ಲಿ ಹೇಳುತ್ತಿದ್ದ. ಅವನು ಯಾರೆಂದು ಕೇಳಿದವರು ಮೊದಮೊದಲು ಕೆಲವರಿದ್ದರು. ವರ್ಷ ಕಳೆದಂತೆ ಅವರೂ ಇಲ್ಲವಾದರು.

ಅವನಿಗೆ ನಲವತ್ತು ದಾಟಿದ ಮೇಲೆ ಕ್ರಿಕೆಟ್ಟಿನ ನಿಯಮ ಬದಲಾಯಿತು. ಕ್ಯಾಮೆರಾ ಇಟ್ಟು ಅಳೆದಾಗ, ಯಾರಿಗೂ ಅನುಮಾನ ಬಾರದ ಬೌಲರ್‌ಗಳ ಕೈಯೂ ಸ್ವಲ್ಪ ಬಗ್ಗಿ ನೇರವಾಗುತ್ತದೆಂದು ತಿಳಿದುಬಂತಂತೆ. ಇಷ್ಟರ ತನಕ ಬಗ್ಗಿದರೆ ಪರವಾಗಿಲ್ಲ ಎಂದು ಹೊಸದಾಗಿ ಗೆರೆ ಎಳೆದರು. ಅವನು ಸುದ್ದಿ ಕೇಳಿ ಟಿವಿ ಆರಿಸಿ, ಸ್ನಾನದ ಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಇದಾಗಿ ಎಷ್ಟೋ ವರ್ಷವಾದ ಮೇಲೆ ಮೇಷ್ಟ್ರ ಮಗಳು ಕಾರು ಕಲಿಯಲು ಬಂದಳು. ಔಷಧಿ ಅಂಗಡಿ ನಡೆಸುತ್ತಿದ್ದಳು. ಎಲ್ಲಿಂದ ಹತ್ತಿಸಿಕೊಳ್ಳಬೇಕೆಂದು ಕೇಳಿದಾಗ ಅವಳು ಹೇಳಿದ ಬೀದಿ, ಮನೆ ಕೇಳಿದೊಡನೆ ಅವನಿಗೆ ಗೊತ್ತಾಯಿತು. ಎರಡು ದಿನ ಅದರ ಸೊಲ್ಲೆತ್ತದೆ ಕಲಿಸಿದ. ಮೂರನೇ ದಿನ ರಿವರ್ಸ್ ತೆಗೆಯುತ್ತಾ ಅವಳೇ ಕೇಳಿದಳು.

"ನಾನು ಯಾರ ಮಗಳು ಅಂತ ನಿಮಗೆ ಗೊತ್ತಾ ಸರ್?"

"ಇಲ್ಲ."

"ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ, ಓಡಿಸೋಕಾಗಲ್ಲ. ಕಲಿಯೋದಾದ್ರೆ ಈ ಸ್ಕೂಲಿಗೇ ಹೋಗು, ನಿಮ್ಮನ್ನೇ ಕೇಳು ಅಂದ್ರು."

"ಹಿಂದೆ ಕಂಬ ಇದೆ, ಕನ್ನಡಿ ನೋಡಿ," ಅಂದ.

ಮುಂದಿನ ವಾರ ಗಾಡಿ ಮನೆಯ ಮುಂದೆ ನಿಂತಾಗ ಮೇಷ್ಟ್ರೇ ಕೋಲೂರಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು. ಮೈ ಇಳಿದುಹೋಗಿತ್ತು, ಅಂಗಿಯ ಕಾಲರಿನೊಳಗೆ ಕತ್ತು ಸಡಿಲವಾಗಿ ತಿರುಗುತ್ತಿತ್ತು. ಬೀದಿ ದಾಟಿದ ಮೇಲೆ ಮೇಷ್ಟ್ರೇ ಶುರುಮಾಡಿದರು.

"ನಾನು ಬಂದಿದ್ದು ನಿನಗೆ ಹಿಡಿಸಲಿಲ್ಲ ಅನ್ಸುತ್ತೆ."

"ಎಡಕ್ಕೆ ಇಂಡಿಕೇಟರ್ ಹಾಕಿ ಮೇಡಂ."

"ನಿನ್ನ ಹತ್ರ ಮಾತಾಡಬೇಕು ಅಂತ ಎಷ್ಟೋ ದಿನದಿಂದ..."

"ಕಲಿಯೋರ ಗಾಡೀಲಿ ಮಾತಾಡಬಾರದು ಮೇಷ್ಟ್ರೇ. ಅವರ ಗಮನ ಹೋಗುತ್ತೆ."

ಗಮನ ಆಗಲೇ ಹೋಗಿತ್ತು. ಸರ್ಕಲ್ಲಿನ ನಡುವೆ ಗಾಡಿ ಆಫ್ ಆಯಿತು. ಹಿಂದೆ ಹಾರ್ನುಗಳ ಗಲಾಟೆ ಎದ್ದಿತು. ಅವಳು ಹೇಗೋ ಮತ್ತೆ ಸ್ಟಾರ್ಟ್ ಮಾಡಿ, ರಸ್ತೆಯಾಚೆ ಮರದ ಕೆಳಗೆ ನಿಲ್ಲಿಸಿ, ಯಾರೂ ಹೇಳದೆ ಮೊದಲ ಬಾರಿಗೆ ಹ್ಯಾಂಡ್‌ಬ್ರೇಕ್ ಎಳೆದಳು. "ನೀವಿಬ್ರೂ ಮಾತಾಡಿ ಮುಗಿಸಿ. ಆಮೇಲೆ ಓಡಿಸ್ತೀನಿ," ಎಂದು ಇಳಿದುಹೋಗಿ ಅಂಗಡಿಯೊಂದರ ಮುಂದೆ ಬೆನ್ನು ತಿರುಗಿಸಿ ನಿಂತಳು.

"ಪಂದ್ಯದ ಹಿಂದಿನ ದಿನ ಮಂಡಳಿಯವರು ಅಂಪೈರ್‌ಗಳನ್ನ ಕರೆಸಿದ್ರು," ಅಂದರು ಮೇಷ್ಟ್ರು. "ದೂರು ಬಂದಿದೆ, ಆ ಹುಡುಗನ ಕೈ ನೋಡಿ ಅಂದ್ರು. ಹಾಗಂದು ಎಲ್ಲರೂ ನನ್ನ ಮುಖ ನೋಡಿದ್ರು. ನೀನು ನನ್ನ ಹುಡುಗ ಅನ್ನೋದು ಯಾರಿಗೆ ಗೊತ್ತಿರಲಿಲ್ಲ? ನಾನು ಸುಮ್ಮನಿದ್ದಿದ್ರೆ ಶಿಷ್ಯನ್ನ ಬಚ್ಚಿಟ್ಟ ಅಂತಿದ್ರು."

ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ. "ಕಂಡಿದ್ದಕ್ಕೆ ಕೂಗಿದ್ರಾ, ಅಂತಾರೆ ಅಂತ ಕೂಗಿದ್ರಾ?"

"ಆವತ್ತು ಕಂಡ ಹಾಗೇ ಇತ್ತು."

"ಆಚೆ ತುದಿಯಿಂದ ಹಾಕಿದಾಗ ಇನ್ನೊಬ್ರಿಗೆ ಕಾಣಲಿಲ್ಲವಲ್ಲ."

"ಅವರಿಗೆ ನೀನು ಯಾರೂ ಆಗಿರಲಿಲ್ಲ ಕಣೋ," ಅಂದರು ಮೇಷ್ಟ್ರು.

ಅವನ ಕೈ ಬಾಗಿಲಿನ ಹಿಡಿಯ ಮೇಲೆ ಹೋಯಿತು. ಇಳಿದು ನಡೆದುಬಿಡಬಹುದಿತ್ತು. ಆದರೆ ಗಾಡಿ ಸ್ಕೂಲಿನದು, ಹೊರಗೆ ನಿಂತವಳಿಗೆ ಇನ್ನೂ ಲೈಸೆನ್ಸ್ ಇಲ್ಲ. ಕೂತೇ ಇದ್ದ. ಮೇಷ್ಟ್ರು ಮಾತು ಮುಂದುವರಿಸಿದರು. ಕ್ರೀಡಾ ಸಂಸ್ಥೆಯಲ್ಲಿ ಕೈ ಅಳೆಯುವ ಪ್ರಯೋಗಾಲಯವಿದೆ, ಅಲ್ಲಿನವರು ತನ್ನ ಮಾತು ಕೇಳುತ್ತಾರೆ, ಈಗಿನ ನಿಯಮದ ಪ್ರಕಾರ ಕೈ ತಪ್ಪಲ್ಲವೆಂದು ಬರೆದುಕೊಡುತ್ತಾರೆ.

"ಬರೆಸಿಕೊಂಡು ಏನು ಮಾಡಲಿ?"

"ಹೆಸರಾದ್ರೂ ಚೊಕ್ಕಟ ಆಗುತ್ತಲ್ಲ."

ಮನೆಯಲ್ಲಿ ಹೇಳಿದಾಗ ಹೆಂಡತಿ ಮೇಷ್ಟ್ರಿಗೆ ಹಿಡಿಶಾಪ ಹಾಕುತ್ತಾಳೆ ಅಂದುಕೊಂಡಿದ್ದ. ಅವಳು ಹಾಕಿದಳು, ಬೇಕಾದಷ್ಟು ಹಾಕಿದಳು. ಆಮೇಲೆ ಬಟ್ಟೆ ಮಡಿಸುತ್ತಾ ಮೆಲ್ಲಗೆ, "ಹೋಗಿ ಬನ್ನಿ," ಅಂದಳು.

"ಯಾಕೆ?"

"ಇಷ್ಟು ವರ್ಷದಿಂದ ಕನ್ನಡಿ ಮುಂದೆ ಕೈ ಎತ್ತಿ ಎತ್ತಿ ನೋಡ್ಕೊಳ್ತೀರಿ. ನನಗೆ ಕಾಣಲ್ಲ ಅಂದ್ಕೊಂಡಿದೀರೇನ್ರೀ?"

ಯಾರಿಗೂ ಹೇಳದೆ ಒಳಗೆ ಇಟ್ಟುಕೊಂಡದ್ದು ಅದೊಂದೇ. ಮೇಷ್ಟ್ರು ದ್ರೋಹ ಮಾಡಿದರು ಎಂದು ಊರಿಗೆಲ್ಲ ಹೇಳಿದ್ದ. ಆದರೆ ಆ ವೇಗದಲ್ಲಿ, ಆ ಕೊನೆಯ ಕ್ಷಣದಲ್ಲಿ, ತನ್ನ ಕೈ ನಿಜವಾಗಿ ಏನು ಮಾಡುತ್ತಿತ್ತು ಎಂಬುದು ಅವನಿಗೇ ಗೊತ್ತಿರಲಿಲ್ಲ. ಒಮ್ಮೆ ಅನುಮಾನ ಹೊಕ್ಕ ಮೇಲೆ ತನ್ನ ಒಳ್ಳೆಯ ದಿನಗಳನ್ನು ನೆನೆಯುವಾಗಲೂ ಕಣ್ಣು ಮೊಣಕೈಯ ಮೇಲೇ ಹೋಗುತ್ತಿತ್ತು. ಗೋದಾಮಿನ ಗೋಡೆಯಿಂದ ಬಿದ್ದಾಗ ಕೈ ಮಾತ್ರ ಹೋಗಿತ್ತು. ಮೇಷ್ಟ್ರ ಕೂಗಿಗೆ ಹಿಂದಿನ ವಿಕೆಟ್ಟುಗಳೂ ಹೋದವು.

ಪ್ರಯೋಗಾಲಯವೆಂದರೆ ಎತ್ತರದ ಸೂರಿನ ಒಂದು ಉದ್ದನೆಯ ಹಾಲ್. ಸುತ್ತಲೂ ಕ್ಯಾಮೆರಾಗಳು. ಅಲ್ಲಿನ ತರುಣ ಅವನ ಅಂಗಿ ಬಿಚ್ಚಿಸಿ ಹೆಗಲಿಂದ ಮಣಿಕಟ್ಟಿನ ತನಕ ಹೊಳೆಯುವ ಗುಂಡಿಗಳನ್ನು ಅಂಟಿಸಿದ. ಮೇಷ್ಟ್ರು ಗೋಡೆ ಬದಿಯ ಕುರ್ಚಿಯಲ್ಲಿ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು.

"ನಿಮ್ಮ ಪೂರ್ತಿ ವೇಗದಲ್ಲಿ ಹಾಕಿ ಸರ್," ಅಂದ ತರುಣ.

ಐವತ್ತು ದಾಟಿದ ಮೈ. ಹೊಟ್ಟೆ ಮುಂದೆ, ಮಂಡಿ ಹಿಂದೆ. ಮೊದಲ ಚೆಂಡು ಮೂರು ಪುಟ ನೆಗೆದು ಸ್ಟಂಪಿನ ಹತ್ತಿರ ಉರುಳಿಕೊಂಡು ಹೋಯಿತು. ಎರಡನೆಯದೂ ಹಾಗೆಯೇ. ಅವನು ಗುರುತಿನಿಂದ ಇನ್ನೂ ಹಿಂದಕ್ಕೆ ಹೋಗಿ, ಹಲ್ಲು ಕಚ್ಚಿ ಓಡಿಬಂದ. ಕೆಲವು ಚೆಂಡು ಪರವಾಗಿಲ್ಲ ಎನ್ನುವಷ್ಟು ಹೋದವು. ಆಮೇಲೆ ಒಂದು ಸಲ, ಹೇಗಾದರೂ ಮಾಡಿ ಅದೊಂದನ್ನು ಹಿಂದಿನಂತೆ ಬಿಡಬೇಕೆಂದು ಎಡಗಾಲನ್ನು ನೆಲಕ್ಕೆ ಬಡಿದಾಗ ತೊಡೆಯ ಹಿಂದೆ ಏನೋ ಚಟ್ಟೆಂದಿತು. ನೆಲದ ಮೇಲೆ ಕುಸಿದು ಕೂತ. ತರುಣ ಓಡಿಬಂದು ನೀರು ಕೊಟ್ಟ.

ಪರದೆ ನೋಡಿ ಬಂದು ಆ ತರುಣನೇ ಹೇಳಿದ. "ಕೈ ನಿಯಮದ ಒಳಗೇ ಇದೆ ಸರ್. ಎಷ್ಟೋ ಒಳಗೆ."

ಮೇಷ್ಟ್ರು ಕೋಲಿನಿಂದ ನೆಲ ಕುಟ್ಟಿದರು. "ನಾನು ಹೇಳ್ಲಿಲ್ವಾ?"

ಅವನು ನೆಲದ ಮೇಲಿಂದಲೇ ತರುಣನನ್ನು ಕೇಳಿದ. "ಆಗಿನ ವೇಗದಲ್ಲಿ?"

"ಅಂದ್ರೆ?"

"ಈಗ ಹಾಕಿದ್ದರ ಎರಡರಷ್ಟು ವೇಗದಲ್ಲಿ ಹಾಕ್ತಿದ್ದೆ. ಆಗ ಕೈ ಏನಾಗ್ತಿತ್ತು?"

"ಅದನ್ನ ಹೇಳೋಕಾಗಲ್ಲ ಸರ್. ವೇಗ ಜಾಸ್ತಿಯಾದ್ರೆ ಕೈ ಬೇರೆ ಥರ ಆಡಬಹುದು. ಆಡದೇನೂ ಇರಬಹುದು. ಈ ರಿಪೋರ್ಟು ಈ ವೇಗಕ್ಕೆ ಮಾತ್ರ."

ಹಿಂದಿರುಗುವಾಗ ಮೇಷ್ಟ್ರ ಮಗಳು ಗಾಡಿ ಓಡಿಸಿದಳು. ಮೇಷ್ಟ್ರು ಹಿಂದಿನ ಸೀಟಿನಿಂದ ಅವನ ಹೆಗಲು ಹಿಡಿದು, "ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು ಕಣೋ. ನಾನು ಮಾಡಿದ್ದನ್ನ ನಾನೇ ಸರಿಮಾಡಿದೆ," ಅಂದರು. ಸ್ವಲ್ಪ ಹೊತ್ತಿಗೆ ಬಾಯಿ ತೆರೆದುಕೊಂಡು ನಿದ್ದೆ ಹೋದರು. ಮಗಳು ಕನ್ನಡಿಯಲ್ಲಿ ಅಪ್ಪನನ್ನು ನೋಡಿ, "ತಪ್ಪು ತಿಳ್ಕೋಬೇಡಿ ಸರ್," ಅಂದಳು.

"ಸಿಗ್ನಲ್ ಕೆಂಪಾಗಿದೆ," ಅಂದ.

ಹದಿನೈದು ದಿನಕ್ಕೆ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಗುರುವೇ ಮುಂದೆ ನಿಂತು ಶಿಷ್ಯನಿಗೆ ನ್ಯಾಯ ಕೊಡಿಸಿದ ಕಥೆ. ಫೋಟೋ ಮೇಷ್ಟ್ರದು, ಹಳೆಯ ಬಿಳಿ ಕೋಟಿನಲ್ಲಿ. ಇವನ ಬಗ್ಗೆ ಬರೆದದ್ದು ಕೊನೆಯ ಎರಡು ಸಾಲು, ಅದರಲ್ಲಿ ಆಡಿದ ವರ್ಷಗಳೂ ತಪ್ಪಾಗಿದ್ದವು. ಹೆಂಡತಿ ಗಟ್ಟಿಯಾಗಿ ಓದುತ್ತಿದ್ದವಳು ನಡುವೆ ನಿಲ್ಲಿಸಿ, ಪತ್ರಿಕೆಯನ್ನು ಕಿಟಕಿಯ ಗಾಜು ಒರೆಸಲು ತೆಗೆದುಕೊಂಡು ಹೋದಳು.

ತೊಡೆಯ ಸ್ನಾಯು ಹರಿದಿತ್ತು. ಬ್ರೇಕು ತುಳಿಯುವಂತಿರಲಿಲ್ಲವಾಗಿ ಸ್ಕೂಲಿನ ಮಾಲೀಕ ಅವನನ್ನು ಒಂದೂವರೆ ತಿಂಗಳು ಒಳಗೆ ಕೂರಿಸಿ, ಹಲಗೆಯ ಮೇಲೆ ರಸ್ತೆ ಚಿಹ್ನೆ ಕಲಿಸಲು ಹಚ್ಚಿದ. ಕಾಲು ಸರಿಹೋಗಿ ಮತ್ತೆ ಗಾಡಿಗೆ ಬಂದಾಗಲೂ ಇಳಿಯುವಾಗ ಬಾಗಿಲು ಹಿಡಿದುಕೊಳ್ಳಬೇಕಾಗುತ್ತಿತ್ತು.

ಮೇಷ್ಟ್ರ ಮಗಳು ಲೈಸೆನ್ಸ್ ಬಂದ ಮೇಲೆ ಥ್ಯಾಂಕ್ಸ್ ಹೇಳಲು ಸ್ಕೂಲಿಗೆ ಬಂದಳು. ತಾನೇ ಓಡಿಸಿಕೊಂಡು ಬಂದಿದ್ದಳು; ಗಾಡಿಯನ್ನು ಎರಡು ಬೈಕುಗಳ ನಡುವೆ ಚೆನ್ನಾಗಿಯೇ ನಿಲ್ಲಿಸಿದ್ದಳು. ಅವನು ಅದನ್ನು ನೋಡಿ ತಲೆಯಾಡಿಸಿದ. ಕೇಳಬಾರದೆಂದುಕೊಂಡೇ ಕೇಳಿದ.

"ಅಪ್ಪ ಹೇಗಿದಾರೆ?"

"ಚೆನ್ನಾಗಿದಾರೆ ಸರ್. ಮೊದಲೆಲ್ಲ ನಿದ್ದೆನೇ ಬರ್ತಿರಲಿಲ್ಲ. ಈಗ ಹಾಸಿಗೆಗೆ ತಲೆ ಕೊಟ್ರೆ ಬೆಳಗ್ಗೇನೇ ಏಳೋದು."

"ನಿದ್ದೆ ಮಾಡ್ಲಿ ಬಿಡಿ," ಅಂದ. ಹೊರಗೆ ಹೊಸಬರೊಬ್ಬರು ಆಗಲೇ ಸ್ಟೀರಿಂಗ್ ಹಿಂದೆ ಕೂತು, ಕಾಲು ಪೆಡಲಿಗೆ ಎಟುಕದೆ ತಡಕಾಡುತ್ತಿದ್ದರು. ಅವನು ಹೋಗಿ ಪಕ್ಕದಲ್ಲಿ ಕೂತು, ಸೀಟಿನ ಕೆಳಗಿನ ಹಿಡಿ ಎಲ್ಲಿದೆ ಎಂದು ತೋರಿಸಿದ.